ಕೆಂಚಕ್ಕ ತಾಯಂದಿರನ್ನು ಸಭೆಗೆ ಕರೆಸಿದ್ದು

ತಂಗಡಿಹಟ್ಟಿಯ ಕೆಂಚಕ್ಕ ಹೋದ ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ಜ್ವರ ಬಂದಿತ್ತು. ವಯಸ್ಸು ಅರವತ್ತರ ಮೇಲೆ. ಎಷ್ಟು ಮೇಲೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಹಿಂದೆ ಬಿಟ್ಟು ಹೋದದ್ದು ಉಗ್ರಪ್ಪ, ಜುಂಜಯ್ಯ ಎಂಬ ಇಬ್ಬರು ಗಂಡುಮಕ್ಕಳು ಮತ್ತು ಒಂದು ಮಂದೆ ಕುರಿ.

ಅವಳ ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು. ಹಿಂದೊಂದು ಕಾಲದಲ್ಲಿ ಹಿರಿಯೂರಿನಿಂದ ಧರ್ಮಪುರಕ್ಕೆ ಹೋಗುವ ಬಸ್ಸು ಹಟ್ಟಿಯ ತಿರುವಿನಲ್ಲಿ ನಿಧಾನವಾದರೆ ಸಾಕು, ಇಂಜಿನ್ನಿನ ಸದ್ದನ್ನೂ ಮೀರಿ ಗುಡ್ಡದ ಕಡೆಯಿಂದ "ನಡಿಯೇ ಮುಂಡೆ!" ಎಂಬ ಕೂಗು ಕೇಳಿಸುತ್ತಿತ್ತು. ಹೊಸಬರು ಯಾರದೋ ಮನೆ ಮುರಿಯುತ್ತಿದೆ ಎಂದು ಕಿಟಕಿಗೆ ಮುಗಿಬೀಳುತ್ತಿದ್ದರು. ಕಂಡಕ್ಟರು, "ಏನಿಲ್ಲ, ಕುಂತ್ಕಳ್ರಿ. ಕೆಂಚಕ್ಕ ಕುರಿ ಮೇಯಿಸ್ತಾವ್ಳೆ" ಎನ್ನುತ್ತಿದ್ದ. ಅವಳು ಹಾಗೆ ಕರೆಯುತ್ತಿದ್ದದ್ದು ಮಂದೆಗೆಲ್ಲ ಮುಂದಾಗಿ ನಡೆಯುತ್ತಿದ್ದ, ಕಿವಿ ಹರಿದ ಒಂದು ಕರಿ ಕುರಿಯನ್ನು. ಅದು ಹೆಜ್ಜೆ ಎತ್ತದೆ ಉಳಿದವು ಎತ್ತುತ್ತಿರಲಿಲ್ಲ, ಬೈಸಿಕೊಳ್ಳದೆ ಅದು ಎತ್ತುತ್ತಿರಲಿಲ್ಲ.

ಇಂಥ ಬಾಯಿಯ ಹೆಂಗಸು ಪಂಚಾಯ್ತಿ ಸಭೆಯಲ್ಲಿ ಬೈಗುಳ ನಿಲ್ಲಿಸಿದಳು ಎಂದರೆ ಹೊರಗಿನವರು ನಂಬುವುದಿಲ್ಲ.

ಎಪ್ಪತ್ತೈದನೇ ಇಸವಿಯ ಸುಮಾರಿಗೆ ಪಂಚಾಯ್ತಿಯಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಜಾಗಕ್ಕೆ ಕೆಂಚಕ್ಕನನ್ನು ಕೂರಿಸಿದರು. ಕೂರಿಸಿದವನು ಚೇರ್ಮನ್ ತಿಮ್ಮರಾಯಪ್ಪನೇ. ಓದು ಬಾರದವಳು, ಹೆಬ್ಬೆಟ್ಟು ಒತ್ತಿ ಕಾಫಿ ಕುಡಿದು ಮನೆಗೆ ಹೋಗುತ್ತಾಳೆ ಎಂಬುದು ಅವನ ಎಣಿಕೆ. ಕೆಂಚಕ್ಕ ಹೆಬ್ಬೆಟ್ಟು ಒತ್ತಿದಳು, ಕಾಫಿ ಕುಡಿದಳು, ಮನೆಗೆ ಮಾತ್ರ ಹೋಗಲಿಲ್ಲ.

"ಕುರಿದಾರಿ ಯಾವಾಗ ಬಿಡ್ತೀಯಪ್ಪ?" ಎಂದಳು.

ಹಟ್ಟಿಯಿಂದ ಕೆರೆಗೆ ಹೋಗುವ ಕುರಿದಾರಿ ತಿಮ್ಮರಾಯಪ್ಪನ ಶೇಂಗಾ ಹೊಲದ ಬದಿಗೆ ಇತ್ತು. ಅವನು ಹೊಲವನ್ನು ಕೊಂಚ ಕೊಂಚವೇ ಅಗಲ ಮಾಡುತ್ತ ಬಂದು, ಕೊನೆಗೆ ದಾರಿಗೇ ಮುಳ್ಳುಬೇಲಿ ಎಳೆದಿದ್ದ. ಕುರಿಗಳು ಗುಡ್ಡ ಸುತ್ತಿ ಕೆರೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ಬಾಯಾರುತ್ತಿದ್ದವು. ಎಳೆಯ ಮರಿಗಳನ್ನು ಕೆಂಚಕ್ಕ ಕಂಬಳಿಯಲ್ಲಿ ಕಟ್ಟಿ ಹೊರಬೇಕಿತ್ತು. ಬೇಸಿಗೆಯೊಳಗೆ ದಾರಿ ಬಿಡದಿದ್ದರೆ ಮಂದೆಯನ್ನು ಮಾರದೆ ಗತಿಯಿರಲಿಲ್ಲ.

ಸಭೆಯಲ್ಲಿ ಈ ಮಾತು ಎದ್ದಾಗಲೆಲ್ಲ ಒಂದೇ ಆಟ. ತಿಮ್ಮರಾಯಪ್ಪನನ್ನು ಕಂಡರಾಗದ ಸದಸ್ಯ ಗುಡ್ಡಪ್ಪ, "ದಾರಿ ಬಿಡಬೇಕು" ಎನ್ನುತ್ತಿದ್ದ. ತಿಮ್ಮರಾಯಪ್ಪ, "ನಿನಗ್ಯಾಕಲೇ, ಸೂಳೆಮಗನೆ?" ಎನ್ನುತ್ತಿದ್ದ. ಗುಡ್ಡಪ್ಪ ಪಂಚೆ ಎತ್ತಿಕಟ್ಟಿ ಚೇರ್ಮನ್ನನ ತಾಯಿಗೆ ಅದನ್ನು ಬಡ್ಡಿ ಸಮೇತ ಹಿಂದಿರುಗಿಸುತ್ತಿದ್ದ. ಬೆಂಚು ಉರುಳುತ್ತಿತ್ತು. ಸೆಕ್ರೆಟರಿ ಗೋವಿಂದಯ್ಯ ಮಸಿ ಕುಡಿಕೆಯನ್ನು ಎದೆಗವಚಿಕೊಂಡು ಮೂಲೆ ಸೇರುತ್ತಿದ್ದ. ಕೊನೆಗೆ ತಿಮ್ಮರಾಯಪ್ಪ ಟವೆಲ್ ಕೊಡವಿ, "ಇವತ್ತಿಗೆ ಸಭೆ ಮುಗೀತು" ಎಂದು ಎದ್ದುಬಿಡುತ್ತಿದ್ದ.

ಹೀಗೆ ಕೆಲವು ಸಭೆ ಕಳೆದ ಮೇಲೆ ಕೆಂಚಕ್ಕ ಒಂದು ವಿಷಯ ಕಂಡುಕೊಂಡಳು. ಬೈಯುವಾಗ ಚೇರ್ಮನ್ನನ ಕಣ್ಣಲ್ಲಿ ಸಿಟ್ಟೇ ಇರುವುದಿಲ್ಲ. ಮಂದೆ ಚದುರಿಸಲು ನಾಯಿ ಛೂ ಬಿಡುವವನ ಕಣ್ಣು ಅದು. ಮಾತು ಎಸೆಯುತ್ತಾನೆ, ಸಭೆ ಚದುರುತ್ತದೆ, ಬೇಲಿ ನಿಂತಲ್ಲೇ ನಿಲ್ಲುತ್ತದೆ.

ಮುಂದಿನ ಸಭೆಯಲ್ಲಿ ತಿಮ್ಮರಾಯಪ್ಪನ ಬಾಯಿಂದ ಆ ಮಾತು ಬಿದ್ದದ್ದೇ ತಡ, ಗುಡ್ಡಪ್ಪನಿಗಿಂತ ಮೊದಲು ಕೆಂಚಕ್ಕ ಎದ್ದಳು.

"ತಡೀರಿ. ನಮ್ಮ ಹಟ್ಟಿ ಕಟ್ಟೇಲಿ ಒಂದು ಪದ್ಧತಿ ಐತೆ. ಯಾರ ಮೇಲೆ ಮಾತು ಬಂತೋ ಅವರನ್ನ ಕರೆಸಿ ಕೂರಿಸ್ದೆ ಮುಂದಿನ ಮಾತಿಲ್ಲ. ಈಗ ಗುಡ್ಡಪ್ಪನ ತಾಯಿ ಬೋರಕ್ಕನ ಮೇಲೆ ಮಾತು ಬಂದೈತೆ. ಕರ್ಕಂಡ್ ಬತ್ತೀನಿ."

"ಏ ಕೆಂಚಕ್ಕ, ಅದು ಅವಳಿಗಂದಿದ್ದಲ್ಲ! ಇವನಿಗಂದಿದ್ದು!"

"ಇವನಿಗನ್ನಂಗಿದ್ರೆ ಕಳ್ಳ ಅನ್ನು, ಕತ್ತೆ ಅನ್ನು, ನಿನ್ನಿಷ್ಟ. ನೀನಂದಿದ್ದು ಬೋರಕ್ಕನ್ನ. ಅವಳು ಪಾಪ ಮನೇಲಿ ರಾಗಿ ಬೀಸ್ತಾ ಕುಂತವ್ಳೆ. ತನ್ನ ಮೇಲೆ ಇಂಥ ತಕರಾರು ಐತೆ ಅಂತ ಅವಳಿಗೂ ಗೊತ್ತಾಗಬ್ಯಾಡ್ವಾ?"

"ಬಾಯಿಮಾತಿಗೆ ಅನ್ನೋದು ಕಣೇ. ಅದಕ್ಕೆ ಅರ್ಥ ಏನೂ ಇಲ್ಲ."

"ಅರ್ಥ ಇಲ್ದಿದ್ರೆ ಗುಡ್ಡಪ್ಪ ಯಾಕೆ ಎಗರಾಡ್ತಾನೆ? ಅವನು ಎಗರಾಡ್ದಿದ್ರೆ ನೀನ್ಯಾಕೆ ಅಂತೀಯ?" ಎಂದವಳೇ ಹೊರಟುಬಿಟ್ಟಳು.

ಬೋರಕ್ಕ ಅಂಗೈಯ ಹಿಟ್ಟನ್ನೂ ತೊಳೆಯದೆ ಬಂದಳು. ಬಂದು ಬೆಂಚಿನ ನಡುವೆ ಕುಳಿತಳು. "ಏನಪ್ಪ ತಿಮ್ಮರಾಯ, ನನ್ನ ವಿಚಾರಣೆ ಇಟ್ಕಂಡಿದ್ದೀಯಂತೆ? ನೀನು ಹುಟ್ಟಿದಾಗ ಹೊಕ್ಕಳಬಳ್ಳಿ ಕುಯ್ದೋಳು ನಾನು. ಅವತ್ತೂ ನೀನು ಹಿಂಗೇ ಬಾಯಿ ಮಾಡ್ತಿದ್ದೆ. ಕೇಳು, ಅದೇನು ಕೇಳ್ಬೇಕೋ."

ತಿಮ್ಮರಾಯಪ್ಪ ತನ್ನ ಟವೆಲಿನಲ್ಲಿ ಏನೋ ಕಲೆ ಹುಡುಕತೊಡಗಿದ. ಗುಡ್ಡಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ತೊಡೆ ತಟ್ಟಿ, "ಈಗ ಕೇಳಲೇ, ನಿಮ್ಮವ್ವನ..." ಎಂದವನು ಅರ್ಧಕ್ಕೇ ನಿಂತ. ನಿಂತರೂ ತಡವಾಗಿತ್ತು. ಕೆಂಚಕ್ಕ ಆಗಲೇ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದಳು.

"ಮುದ್ದಕ್ಕನ ಮನೆ ಊರಿನ ಆ ತುದೀಗೈತೆ. ಬರೋಗಂಟ ಯಾರೂ ಎದ್ದೋಗ್ಬ್ಯಾಡ್ರಿ."

ಚೇರ್ಮನ್ನನ ತಾಯಿ ಮುದ್ದಕ್ಕ ಎಲೆಅಡಿಕೆ ಚೀಲದೊಂದಿಗೆ ಬಂದಳು. ಮಕ್ಕಳ ಜಗಳದ ದೆಸೆಯಿಂದ ಅವಳೂ ಬೋರಕ್ಕನೂ ನೆಟ್ಟಗೆ ಮಾತಾಡಿ ಯಾವ ಕಾಲವಾಗಿತ್ತೋ! ಇಬ್ಬರೂ ಎಲೆಗೆ ಸುಣ್ಣ ಸವರುತ್ತ ಸೊಸೆಯರ ಸುದ್ದಿಗಿಳಿದರು. ಪಂಚಾಯ್ತಿ ಕಾಯಿತು. ಕೊನೆಗೆ ಗೋವಿಂದಯ್ಯ, "ಅಮ್ಮಾ, ಸಭೆ..." ಎಂದು ಕೆಮ್ಮಿದ.

"ನೀನು ಬರ್ಕಳಪ್ಪ. ನಾವೇನು ನಿನ್ನ ಕೈ ಹಿಡ್ಕಂಡಿದ್ದೀವಾ?" ಎಂದಳು ಮುದ್ದಕ್ಕ. "ಇನ್ಮೇಲೆ ಪ್ರತಿ ಸಭೆಗೂ ನಾವು ಮೊದ್ಲೇ ಬಂದು ಕುಂತಿರ್ತೀವಿ. ನೀವು ಅಂದಂಗೆಲ್ಲ ಕರೆಯೋಕೆ ಬಂದು ಕೆಂಚಕ್ಕನ ಕಾಲು ಸವೀಬೇಕಾ?"

ಹೇಳಿದಂತೆಯೇ ಬಂದರು. ಬೈಗುಳ ತೆಗೆದ ಮೇಲೆ ಎಷ್ಟೋ ಸದಸ್ಯರಿಗೆ ಹೇಳಲು ಏನೂ ಉಳಿದಿಲ್ಲ ಎಂಬುದು ಊರಿಗೆ ಆಗ ತಿಳಿಯಿತು. ಗುಡ್ಡಪ್ಪ ಮಾತು ಶುರು ಮಾಡಿ, ಮುದುಕಿಯರ ಕಡೆ ನೋಡಿ, ಬಿಸಿ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡವನಂತೆ ನುಂಗಿ ಕೂರುತ್ತಿದ್ದ.

ಹೀಗೆ ಒಂದು ದಿನ ಕುರಿದಾರಿಯ ಮಾತು ನಿಜವಾಗಿಯೂ ಚರ್ಚೆಗೆ ಬಂತು. ತಿಮ್ಮರಾಯಪ್ಪನ ಬಳಿ ಒಂದೇ ಕಲ್ಲು ಉಳಿದಿತ್ತು.

"ನಮಗೆ ಬುದ್ಧಿ ಹೇಳೋಕೆ ಬಂದ್ಯಲ್ಲ ಕೆಂಚಕ್ಕ, ದಿನಾ ಗುಡ್ಡದ ಮೇಲೆ ನಿಂತ್ಕಂಡು ಆ ಕರಿ ಕುರಿಗೆ ಏನಂತ ಕೂಗ್ತೀಯ? ಬಸ್ನಾಗಿರೋರಿಗೂ ಕೇಳುಸ್ತೈತೆ!"

ಎಲ್ಲರೂ ನಕ್ಕರು. ಕೆಂಚಕ್ಕ ನಗಲಿಲ್ಲ. ಜುಂಜಯ್ಯ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅವಳ ಗಂಡ ಸತ್ತಿದ್ದ. ಅವತ್ತಿನಿಂದ 'ಮುಂಡೆ' ಎಂಬ ಆ ಮಾತು ಅವಳನ್ನು ಹಿಂಬಾಲಿಸಿತ್ತು. ಎದುರು ಬಂದರೆ ಅಂದರು, ಕೂಲಿ ಕೇಳಿದರೆ ಅಂದರು, ನಕ್ಕರೂ ಅಂದರು. ಕಿವಿಗೆ ಬಿದ್ದದ್ದು ಯಾವಾಗ ತನ್ನ ಬಾಯಿಗೆ ಬಂತು ಎಂದು ಅವಳಿಗೆ ಹೊಳೆಯಲಿಲ್ಲ. ತನಗೆ ಬಿದ್ದ ಕಲ್ಲುಗಳನ್ನೇ ಆರಿಸಿಕೊಂಡು ಮೂಕ ಪ್ರಾಣಿಗೆ ಎಸೆಯುತ್ತಿದ್ದಳು.

"ನಿಜ," ಎಂದಳು. "ನಾಳೆಯಿಂದ ಅನ್ನಲ್ಲ."

"ಅಂದ್ರೆ?"

"ಮುಂದಿನ ಸಭೆ ಬರೋದ್ರೊಳಗೆ ಒಂದ್ಸಲ ಅಂದ್ರೂ ದಾರಿ ಕೇಳಲ್ಲ. ಆಯ್ತಾ?"

ತಿಮ್ಮರಾಯಪ್ಪನಿಗೆ ಹಬ್ಬವಾಯಿತು. ಮರುದಿನ ಬೆಳಗಾಗುತ್ತಲೇ ಬೀಡಿ ಹಚ್ಚಿಕೊಂಡು ಹೊಲದ ಬದುವಿನ ಮೇಲೆ ಬಂದು ಕುಳಿತ. ಕೆಂಚಕ್ಕ ಕುರಿರೊಪ್ಪದ ಬಾಗಿಲು ತೆಗೆದಳು. ಕರಿ ಕುರಿ ಅಭ್ಯಾಸದಂತೆ ಬೈಗುಳಕ್ಕೆ ಕಾದು ನಿಂತಿತು. "ನಡಿಯವ್ವ" ಎಂದಳು. ಕುರಿ ನಿಂತಿತು. "ನಡಿಯೇ ಬಂಗಾರಿ" ಎಂದಳು. ಕುರಿ ಯಾರೋ ನೆಂಟರನ್ನು ನೋಡುವಂತೆ ಅವಳನ್ನು ನೋಡಿತು. ಹಿಂದಿನಿಂದ ನೂಕಿದರೆ ಮಲಗಿಬಿಟ್ಟಿತು. ಬಿಸಿಲೇರಿತು. ಮರಿಗಳು ಅರಚತೊಡಗಿದವು. ಹಳೆಯ ಮಾತು ಅವಳ ನಾಲಗೆಯ ತುದಿಗೆ ಬಂದು ಕುಳಿತೇಬಿಟ್ಟಿತು. ಬದುವಿನ ಮೇಲೆ ತಿಮ್ಮರಾಯಪ್ಪ ಕಿವಿಗೆ ಕೈ ಆನಿಸಿಕೊಂಡಿದ್ದ.

ಅವನನ್ನು ಕಂಡೊಡನೆ ಕೆಂಚಕ್ಕನಿಗೆ ದನಿ ಬಂತು.

"ನಡಿಯೇ ಚೇರ್ಮನ್ನೇ!"

ಕುರಿ ಧಡಕ್ಕನೆ ಎದ್ದು ನಡೆಯಿತು. ಅದಕ್ಕೆ ಬೇಕಾಗಿದ್ದದ್ದು ದನಿ ಮಾತ್ರ. ಅವತ್ತಿನಿಂದ ಗುಡ್ಡದ ತುಂಬ ಚೇರ್ಮನ್, ಚೇರ್ಮನ್. "ಚೇರ್ಮನ್ನೇ, ಊರ ಬೆಳೆಗೆ ಬಾಯಿ ಹಾಕ್ಬ್ಯಾಡ!" ಎಂಬ ಕೂಗಿಗೆ ಬಸ್ಸಿನವರೂ ಇಣುಕಿ ನೋಡಿದರು.

ಮುಂದಿನ ಸಭೆಯಲ್ಲಿ ತಿಮ್ಮರಾಯಪ್ಪ ಕೆಂಪಗಾಗಿದ್ದ. "ಇದು ಬೈಗುಳಾನೇ! ನನ್ನ ಮರ್ಯಾದೆ ತೆಗೀತಾವ್ಳೆ!"

"ಬೈಗುಳ ಅಂತ ನೀನೇ ಅಂತೀಯಾ?" ಎಂದಳು ಕೆಂಚಕ್ಕ. "ಗೌರವದ ಹೆಸರು ಅಂದ್ಕಂಡಿದ್ದೆ. ಆದ್ರೂ ಒಂದು ಹೇಳ್ತೀನಿ. ನಾನು ನಿನ್ನ ಜಗಳದಾಗೆ ನಿನ್ನನ್ನೇ ಎಳೆದಿದ್ದೀನಿ. ನಿಮ್ಮವ್ವನ್ನ ಎಳೆದಿಲ್ಲ."

ಮುದ್ದಕ್ಕ ನಕ್ಕ ರಭಸಕ್ಕೆ ಎಲೆಅಡಿಕೆ ಗೋವಿಂದಯ್ಯನ ಬಿಳಿ ಅಂಗಿಯ ಮೇಲೆ ಬಿತ್ತು. ಇಷ್ಟು ದಿನ ಸಭೆಯ ಮಾತಿಗೆ ಕಿವಿಗೊಡದೆ ಸೊಸೆಯರ ಸುದ್ದಿಯಲ್ಲೇ ಇದ್ದ ಅವಳು ಕಣ್ಣೊರೆಸಿಕೊಂಡು, "ಅದ್ಯಾವ ದಾರಿಗಲೇ ಇಷ್ಟು ದಿನದ ರಂಪ?" ಎಂದು ಕೇಳಿದಳು. ಯಾವ ದಾರಿ ಎಂದು ತಿಳಿದಾಗ ಅವಳ ನಗು ನಿಂತಿತು. "ನಾನು ಮದುವೆಯಾಗಿ ನಡ್ಕಂಡ್ ಬಂದ ದಾರಿ ಅದು. ಅದಕ್ಕೆ ಬೇಲಿ ಹಾಕಿದ್ದೀಯೇನೋ?"

ಸಂಜೆಯೊಳಗೆ ಬೇಲಿ ಬಿಚ್ಚಿತು. ಮಂದೆ ಉಳಿಯಿತು.

ಹಾಗೆಂದು ಊರು ತಿದ್ದಿಕೊಂಡಿತು ಎನ್ನುವಂತಿಲ್ಲ. ಹೊಲದಲ್ಲಿ, ಹೋಟೆಲಿನಲ್ಲಿ ಹಳೆಯ ಮಾತುಗಳು ಹಳೆಯ ಹಾಗೇ ಓಡಾಡುತ್ತವೆ. ಅದನ್ನು ಎತ್ತಿ ಆಡಿದರೆ ಕೆಂಚಕ್ಕ, "ಅಲ್ಲಿಗೂ ಎಲ್ರ ಅವ್ವಂದಿರನ್ನ ಕರ್ಕಂಡ್ ಬರ್ತಿದ್ದೆ. ಏನ್ ಮಾಡಾಣ, ಮಂಡಿ ನೋವು" ಎನ್ನುತ್ತಿದ್ದಳು. ಈ ವಾರ ಆ ತಿರುವಿನಲ್ಲಿ ಬಸ್ಸಿನ ಸದ್ದೊಂದೇ ಕೇಳುತ್ತದೆ. ಕಂಡಕ್ಟರು ಗುಡ್ಡದ ಕಡೆ ನೋಡುವುದಿಲ್ಲ.

ತೀರಿಕೊಂಡ ಆ ಮಂಗಳವಾರ ಅವಳು ಜ್ವರದಿಂದ ಒಳಗೆ ಮಲಗಿದ್ದಳು. ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಅಂಗಳದಲ್ಲಿ ಮಕ್ಕಳಿಬ್ಬರಿಗೆ ಮಾತು ಬೆಳೆದಿತ್ತು. ಹಿರಿಯೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ಯೋಣ ಎಂದು ಉಗ್ರಪ್ಪ; ಬಸ್ಸಿನ ಕುಲುಕಾಟಕ್ಕೆ ಜೀವ ತಡೆಯುವುದಿಲ್ಲ, ಧರ್ಮಪುರದಿಂದ ಡಾಕ್ಟರನ್ನೇ ಕರೆತರೋಣ ಎಂದು ಜುಂಜಯ್ಯ. ಇಬ್ಬರಿಗೂ ಭಯ. ಭಯಕ್ಕೆ ದನಿ ಏರಿತು. ಉಗ್ರಪ್ಪ ಒಡಹುಟ್ಟಿದ ತಮ್ಮನ ಎದೆಗೆ ಕೈ ಹಾಕಿ, "ಲೇ, ನಿಮ್ಮವ್ವನ..." ಎಂದುಬಿಟ್ಟ.

ಒಳಗೆ ಮಂಚ ಕಿರುಗುಟ್ಟಿತು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಕೆಂಚಕ್ಕ ಹೊರಗೆ ಬಂದಳು. ಹೊಸ್ತಿಲ ಮೇಲೆ ಕುಳಿತಳು.

"ಕರೆದ್ರಲ್ಲ, ಬಂದೆ. ಇವನವ್ವ ನಾನೇ. ನಿನ್ನವ್ವಾನೂ ನಾನೇ," ಎಂದಳು. "ಕುಂತ್ಕಳ್ರಿ ಇಬ್ರೂ. ಈಗ ಮಾತಾಡ್ರಿ."

ಇಬ್ಬರೂ ನೆಲದ ಮೇಲೆ ಕುಳಿತರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಸೆರಗು ಸರಿಮಾಡಿಕೊಂಡು, ಒಮ್ಮೆ ದೊಡ್ಡವನ ಮುಖವನ್ನೂ ಒಮ್ಮೆ ಚಿಕ್ಕವನ ಮುಖವನ್ನೂ ನೋಡಿ, ಅವರು ಮಾತು ಶುರು ಮಾಡಲೆಂದು ಕಾದಳು.