ಹಿಂದಿನ ಸೀಟಿಲ್ಲದ ಕಾರು

ಇದನ್ನು ಓದಿ ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ದೆವ್ವ ಕಂಡೆ ಅಂದವರಿಗೆ "ಮೊದಲು ಕಣ್ಣು ಸರ್ವೀಸ್ ಮಾಡಿಸ್ಕಳಲೇ" ಎಂದು ಗೇಲಿ ಮಾಡುತ್ತಿದ್ದವನೇ ನಾನು. ಮೆಕ್ಯಾನಿಕ್ ಮನುಷ್ಯ. ಎಂಥ ಶಬ್ದ ಬಂದರೂ ಎಲ್ಲೋ ಒಂದು ಬೋಲ್ಟು ಸಡಿಲಾಗಿರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದವನು. ಆದರೆ ಆ ರಾತ್ರಿಯದ್ದು ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ. ಒಂದಕ್ಷರ ಸೇರಿಸದೆ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ...

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಳ್ಳಕೆರೆಯ ಹೊರಗೆ ನಮ್ಮದು ಎರಡು ಕೋಣೆಯ ಮನೆ. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನಗೆ ಮದುವೆ ಆಗಿರಲಿಲ್ಲ. ಮನೆಯಲ್ಲಿ ಇದ್ದವರು ಅಪ್ಪ ಮತ್ತು ನಾನು. ಅಪ್ಪ ಮಾತಾಡುತ್ತಿರಲಿಲ್ಲ. ಮೂಗನೇನಲ್ಲ. ಬೆಳಿಗ್ಗೆ "ಹೊಂಟ್ಯಾ", ರಾತ್ರಿ "ಉಂಡ್ಯಾ". ಇಷ್ಟೇ. ಅವನು ನೆಟ್ಟಗೆ ನಿದ್ದೆ ಮಾಡಿದ್ದನ್ನೂ ನಾನು ಕಂಡಿರಲಿಲ್ಲ. ಯಾವ ಹೊತ್ತಿನಲ್ಲಿ ಎಚ್ಚರವಾಗಿ ನೋಡಿದರೂ ಗೋಡೆಗೆ ಒರಗಿ ಕೂತಿರುತ್ತಿದ್ದ.

ಒಂದೇ ಸೂರಿನ ಕೆಳಗೆ ಇಬ್ಬರು ಗಂಡಸರು, ಮಾತಿಲ್ಲ ಕತೆಯಿಲ್ಲ. ಎಷ್ಟೋ ಸಂಜೆ ಗ್ಯಾರೇಜು ಮುಚ್ಚಿದ ಮೇಲೂ ಮನೆಗೆ ಹೋಗಲು ಮನಸ್ಸಾಗದೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಯಾರ ಹತ್ತಿರವೂ ಇದನ್ನು ಹೇಳಿಕೊಂಡಿರಲಿಲ್ಲ.

ಅಪ್ಪ ಹಿಂದೆ ಒಬ್ಬ ಎಣ್ಣೆ ಮಿಲ್ಲಿನ ಸಾಹುಕಾರರ ಹತ್ತಿರ ಡ್ರೈವರಾಗಿದ್ದ. ಅವರ ಬಳಿ ಅಮೆರಿಕದ ದೊಡ್ಡ ಕಾರೊಂದಿತ್ತು. ಹಿಂದೆ ಎದ್ದು ನಿಂತ ರೆಕ್ಕೆ, ಮುಂದೆ ಫಳಫಳ ಹೊಳೆಯುವ ನಿಕ್ಕಲ್ ಜಾಲರಿಯ ಹಲ್ಲು. ಅದನ್ನು ಓಡಿಸುವಾಗ ಅಪ್ಪ ಹಾಡು ಹೇಳುತ್ತಿದ್ದನಂತೆ. ಅವ್ವ ಹೇಳಿದ್ದು, ಇಲ್ಲದಿದ್ದರೆ ನಾನು ನಂಬುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಒಂದು ದಿನ ಕೀಲಿ ಕೊಟ್ಟು ಕೆಲಸ ಬಿಟ್ಟು ಬಂದ. ಕಾರಣ ಅವ್ವನಿಗೂ ಹೇಳಲಿಲ್ಲ. ಆಮೇಲೆ ಶೇಂಗಾ ಮಂಡಿಯಲ್ಲಿ ಮೂಟೆ ಹೊತ್ತ, ಸ್ಟಿಯರಿಂಗ್ ಮಾತ್ರ ಮುಟ್ಟಲಿಲ್ಲ.

ಸಾಹುಕಾರರ ಮೊಮ್ಮಗ ಹಳೇ ಗೋಡೌನ್ ಖಾಲಿ ಮಾಡಿಸುವಾಗ ಆ ಕಾರನ್ನು ಗುಜರಿಗೆ ಹಾಕಲು ಹೊರಟಿದ್ದ. ಕೈಕಾಲು ಹಿಡಿದು ನಾನು ತೆಗೆದುಕೊಂಡೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಆಸೆ. ಅದನ್ನು ಮೊದಲಿನ ಹಾಗೆ ಮಾಡಿ ಅಪ್ಪನನ್ನು ಸ್ಟಿಯರಿಂಗ್ ಮುಂದೆ ಕೂರಿಸಬೇಕು. ಅವನು ಒಮ್ಮೆ ಬಾಯಿ ಬಿಟ್ಟು ನನ್ನ ಜೊತೆ ಮಾತಾಡಬೇಕು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆ. ಜಗಲಿಯ ಮೇಲಿದ್ದ ಅಪ್ಪ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಯಾಕ್ ತಂದ್ಯಲೇ ಅದನ್ನ?"

"ನಿನಗೇ ಕಣಪ್ಪ. ರೆಡಿ ಮಾಡ್ತೀನಿ, ನೀನೇ ಓಡಿಸ್ಬೇಕು."

ಎದ್ದು ಒಳಗೆ ಹೋದವನು ಆ ರಾತ್ರಿ ಉಣ್ಣಲಿಲ್ಲ. ಆಮೇಲೆ "ಹೊಂಟ್ಯಾ", "ಉಂಡ್ಯಾ" ಎರಡೂ ನಿಂತವು. ಇದ್ದ ಎರಡು ಮಾತನ್ನೂ ಕಳೆದುಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಹಟ ಬಿಡಲಿಲ್ಲ. ಮುಗಿದ ಮೇಲೆ ನೋಡಿದರೆ ಸರಿಹೋಗುತ್ತಾನೆ ಅಂದುಕೊಂಡೆ.

ಮನೆ ಪಕ್ಕದಲ್ಲಿ ತಗಡು ಇಳಿಸಿ ಶೆಡ್ಡು ಮಾಡಿದೆ. ಗ್ಯಾರೇಜಿನಿಂದ ಬಂದು ಉಂಡವನೇ ಅದರೊಳಗೆ ನುಗ್ಗುತ್ತಿದ್ದೆ. ಪೆಟ್ರೋಲ್ ಎಂಜಿನ್ ಹಿಡಿದುಕೊಂಡು ಕಲ್ಲಾಗಿತ್ತು. ಅದನ್ನಿಳಿಸಿ ಹಳೇ ಜೀಪಿನ ಡೀಸೆಲ್ ಎಂಜಿನ್ ಕೂರಿಸಿದೆ. ಅಳತೆ ಹೊಂದದೆ ಮೌಂಟಿಂಗ್ ಮೂರು ಸಲ ಕತ್ತರಿಸಿ ವೆಲ್ಡ್ ಮಾಡಿದೆ. ತುಕ್ಕು ತಿಂದ ನೆಲಕ್ಕೆ ಹೊಸ ತಗಡು ಹೊಡೆದೆ. ಯಾರು ಕಾಲಿಟ್ಟರೂ 'ಡಬ್' ಎನ್ನುತ್ತಿತ್ತು ಆ ತಗಡು. ಹಿಂದಿನ ಸೀಟನ್ನು ಕುಶನ್ ಕೆಲಸದ ಬಾಷಾಗೆ ಕೊಟ್ಟಿದ್ದೆ. "ಜಲ್ದಿ ಕೊಡ್ತೀನಿ ಭಾಯ್" ಎಂದವನು ಎರಡು ತಿಂಗಳಾದರೂ ಕೊಟ್ಟಿರಲಿಲ್ಲ.

ಎಂಟು ತಿಂಗಳಾಯಿತು. ಶೇಂಗಾ ಕಿತ್ತು ಮುಗಿದ ಚಳಿಗಾಲ. ಅವತ್ತು ಸಂಜೆಯಷ್ಟೇ ಗಾಡಿಯನ್ನು ರಸ್ತೆಗಿಳಿಸಿ ನೂರು ಮಾರು ಓಡಿಸಿ ನೋಡಿದ್ದೆ. ಬ್ರೇಕು ಎರಡು ಸಲ ತುಳಿದರೆ ಹಿಡಿಯುತ್ತಿತ್ತು. ಎರಡು ಹೆಡ್‌ಲೈಟಿನಲ್ಲಿ ಒಂದು ಉರಿಯುತ್ತಿತ್ತು. ಒಳಗಿನ ಕನ್ನಡಿ ಇನ್ನೂ ಹಾಕಿರಲಿಲ್ಲ.

ಎಂಟು ಗಂಟೆಗೆ ಕರೆಂಟು ಹೋಯಿತು. ಅದೇನು ಹೊಸದಲ್ಲ. ಲಾಟೀನು ಹಚ್ಚಿಕೊಂಡು ಶೆಡ್ಡಿನಲ್ಲಿ ಕೂತೆ. ಮಿಲ್ಲುಗಳೆಲ್ಲ ನಿಂತು ಊರು ಗಪ್‌ಚಿಪ್ಪಾಗಿತ್ತು. ಆಗ ಕುರಿ ಕಂಬಳಿಯ ವಾಸನೆ ಬಂತು. ನೆನೆದು, ಮುಗ್ಗಲು ಹಿಡಿದ ಕಂಬಳಿಯ ವಾಸನೆ... ತಲೆ ಎತ್ತಿದರೆ ಬಾಗಿಲಲ್ಲಿ ಒಬ್ಬ ಮುದುಕ. ಬಂದ ಸಪ್ಪಳವೇ ಆಗಿರಲಿಲ್ಲ.

"ಡ್ರೈವರ್ ತಿಪ್ಪಣ್ಣಾರ ಮಗನೇನಪ್ಪಾ?"

"ಹೌದು. ಯಾರು ಬೇಕಿತ್ತು?"

"ಗಾಡಿ ಬೇಕಿತ್ತು. ಸೊಸೀಗೆ ನೋವು ಬಂದೈತೆ. ಮಧ್ಯಾಹ್ನದಿಂದ ಒದ್ದಾಡ್ತಾಳೆ. ನನ್ನಿವಾಳ ಊರಿನ ಆಚೆ, ಹುಲ್ಲಿನ ಕಾವಲ ಹತ್ರ. ದೊಡ್ಡಾಸ್ಪತ್ರೆಗೆ ಮುಟ್ಟಿಸಿಬಿಡಪ್ಪ."

ಬ್ರೇಕು ಸರಿಯಿಲ್ಲ, ಲೈಟು ಒಂದೇ ಎಂದೆ. ಮುದುಕ ಕದಲಲಿಲ್ಲ. ಕೊನೆಗೆ, "ಹಿಂದೆ ಸೀಟೇ ಇಲ್ಲ ಯಜಮಾನ್ರೇ, ಬರೀ ತಗಡು. ಬಸುರಿ ಹೆಂಗಸು ಎಲ್ಲಿ ಮಲಗ್ತಾಳೆ?" ಎಂದೆ.

"ಸೀಟಿಲ್ದಿರೋದೇ ಒಳ್ಳೇದಾತು," ಎಂದ ಮೆಲ್ಲಗೆ. "ಕೊಳೆಯಾಗ್ತೈತೆ ಅನ್ನೋ ಹಂಗಿಲ್ಲ."

ಇದೆಂಥ ಮಾತು ಅನ್ನಿಸಿತು. ಆದರೆ ಹೆರಿಗೆ ನೋವಿನ ಹೆಂಗಸನ್ನು ಬಿಟ್ಟು ಕೂರಲು ಮನಸ್ಸು ಬರಲಿಲ್ಲ. ಒಳಗೆ ಇಣುಕಿ "ಅಪ್ಪಾ, ಈಗ ಬಂದೆ" ಎಂದೆ. ಅಪ್ಪ ತಲೆತುಂಬ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿದ್ದ.

ಮುದುಕ ಹಿಂದೆ ಹತ್ತಿದ. ಬಾಗಿಲು ಹಾಕಿದ ಸದ್ದು ಕೇಳಿತು. ತಗಡಿನ 'ಡಬ್' ಕೇಳಲಿಲ್ಲ. ಗಾಡಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಸಣಕಲು ಮನುಷ್ಯ, ಅದಕ್ಕೇ ಇರಬೇಕು ಅಂದುಕೊಂಡೆ.

ದಾರಿಯುದ್ದಕ್ಕೂ ಒಂದು ಎತ್ತಿನಗಾಡಿಯೂ ಎದುರಾಗಲಿಲ್ಲ. ನನ್ನಿವಾಳ ದಾಟಿದ ಮೇಲೆ ಡಾಂಬರೂ ಮುಗಿಯಿತು. ಎರಡೂ ಕಡೆ ಬರೀ ಹುಲ್ಲು, ಒಣಗಿದ ಹುಲ್ಲು ಗಾಳಿಗೆ ಸುಯ್ ಎನ್ನುವ ಸದ್ದು. ಹಿಂದಿನಿಂದ ಆಗಾಗ "ಎಡಕ್ಕೆ", "ಇನ್ನಾ ಮುಂದಕ್ಕೆ" ಎಂಬ ದನಿ. ಸುಮ್ಮನಿದ್ದರೆ ಭಯವಾಗುತ್ತದೆಂದು ನಾನೇ ಮಾತು ತೆಗೆದೆ.

"ನಮ್ಮಪ್ಪನ್ನ ಹೆಂಗೆ ಗೊತ್ತು ನಿಮಗೆ?"

ಕಂಬಳಿಯ ವಾಸನೆ ಹತ್ತಿರ ಬಂತು. ಆಮೇಲೆ, "ಹೋದ್ಸಲ ಅವರ ಹತ್ರಾನೇ ಬಂದಿದ್ದೆ. ಇದೇ ಗಾಡಿ. ಸೀಟಿಗೆ ಬಿಳೀ ಬಟ್ಟೆ ಹೊದಿಸಿದ್ರು. ಮುಟ್ಟಬ್ಯಾಡ ಅಂದ್ರು."

ಅಪ್ಪ ಈ ಗಾಡಿ ಬಿಟ್ಟಾಗ ನಾನಿನ್ನೂ ಹುಟ್ಟೇ ಇರಲಿಲ್ಲ. ಹೋದ ಸಲ ಎಂದರೆ ಯಾವ ಸಲ? ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಇಲ್ಲೇ ನಿಲ್ಸು."

ಜನ ಇರುವ ಹಟ್ಟಿಯೇನೂ ಕಾಣಲಿಲ್ಲ. ಹಟ್ಟಿಯ ಹೊರಗೆ ಬಾಣಂತಿಯರಿಗೆಂದು ಕಟ್ಟುವಂಥ ಒಂದು ಗಿಡ್ಡ ಗುಡಿಸಲು ಮಾತ್ರ, ಲೈಟಿನ ಅಂಚಿನಲ್ಲಿ. ಒಳಗೆ ದೀಪವಿಲ್ಲ. ಮುದುಕ ಇಳಿದು ಆ ಕತ್ತಲಿಗೆ ಹೋದ. ನಾನು ಎಂಜಿನ್ ಆರಿಸಲಿಲ್ಲ, ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು ಕೂತೆ.

ಹಿಂದಿನ ಬಾಗಿಲು ತೆರೆಯಿತು... 'ಡಬ್'... ಮತ್ತೆ 'ಡಬ್'... ಪಟ್ಟಾ ಸ್ಪ್ರಿಂಗು ಕಿರ್ರೆಂದಿತು. ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಅಷ್ಟು ಹೊತ್ತು ನೆಲದ ಮೇಲೆ ಬೀಳುತ್ತಿದ್ದ ಲೈಟು ಗುಡಿಸಲಿನ ತಲೆ ದಾಟಿ ಆಚೆಗಿದ್ದ ಜಾಲಿಮರದ ತುದಿಗೆ ಹೋಯಿತು. ಎಂಟು ಜನ ಹತ್ತಿದರೂ ಅಷ್ಟು ಭಾರ ಆಗುವುದಿಲ್ಲ, ನಾನು ಬಲ್ಲೆ.

ಹರಳೆಣ್ಣೆಯ ವಾಸನೆ, ಅದರ ಜೊತೆ ಹಸಿ ನೆತ್ತರ ವಾಸನೆ. ಒಂದು ಹೆಣ್ಣುಸಿರು, ಹಲ್ಲು ಕಚ್ಚಿ ಬಿಡುತ್ತಿದ್ದ ಉಸಿರು, ನನ್ನ ಕಿವಿಯ ಹಿಂದೆಯೇ.

"ನಡಿಯಪ್ಪಾ," ಎಂದ ಮುದುಕ.

ಹೇಗೆ ಬಂದೆನೋ ದೇವರೇ ಬಲ್ಲ. ಮುಂದಿನ ದಾರಿ ಕಾಣುತ್ತಿರಲಿಲ್ಲ, ಲೈಟು ಬರೀ ಮರಗಳ ನೆತ್ತಿ ತೋರಿಸುತ್ತಿತ್ತು. ಸ್ಟಿಯರಿಂಗ್ ಹಗುರಾಗಿ ಗಾಡಿ ತೇಲಿದಂತಾಗುತ್ತಿತ್ತು. ಹಳ್ಳ ಬಂದಲ್ಲೆಲ್ಲ ಹಿಂದಿನಿಂದ ಸಣ್ಣ ನರಳಾಟ. ಒಮ್ಮೆ ಆ ಹೆಣ್ಣುದನಿ ತೆಲುಗಿನಲ್ಲಿ ಕೇಳಿತು, "ಇಂಕಾ ಎಂತ ದೂರಂ?" ಇನ್ನೂ ಎಷ್ಟು ದೂರ ಎಂದು. ನಮ್ಮ ಸೀಮೆಯಲ್ಲಿ ತೆಲುಗು ತಿಳಿಯದವರು ಕಡಿಮೆ. ಉತ್ತರ ಕೊಟ್ಟವನು ನಾನೇ.

"ಬಂತು ತಾಯಿ, ಇನ್ನೇನ್ ಬಂತು."

ಅಷ್ಟು ಹೊತ್ತಿಗೆ ನನಗೆ ಭಯಕ್ಕಿಂತ ಬೇರೆ ಏನೋ ಆಗುತ್ತಿತ್ತು. ಅವರು ಯಾರೇ ಆಗಿರಲಿ, ಈ ಹೆಂಗಸನ್ನು ಮುಟ್ಟಿಸಲೇಬೇಕು ಅನ್ನಿಸಿತು. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ.

ಊರಿನ ಮೊದಲ ಕಂಬ ಹತ್ತಿರವಾಗುತ್ತಿದ್ದಂತೆ ಫಕ್ಕನೆ ಕರೆಂಟು ಬಂತು. ಬೀದಿ ದೀಪಗಳೆಲ್ಲ ಹತ್ತಿಕೊಂಡವು. ಅದೇ ಗಳಿಗೆಗೆ ಎಣ್ಣೆ ಮಿಲ್ಲುಗಳು ಗರ್ರೆಂದು ಶುರುವಾದವು. ಆ ಸದ್ದಿನಲ್ಲಿ ಹಿಂದಿನ ಉಸಿರು ಕೇಳದಾಯಿತು. ಆ ಬೆಳಕಿನಲ್ಲಿ ನನ್ನ ಒಂಟಿ ಲೈಟು ಎಲ್ಲಿ ಬೀಳುತ್ತಿದೆ ಎಂಬುದೂ ಗೊತ್ತಾಗದಾಯಿತು.

ಆಸ್ಪತ್ರೆಯ ಗೇಟಿನೊಳಗೆ ತಂದು ನಿಲ್ಲಿಸಿದೆ. "ಹೆರಿಗೆ ಕೇಸು, ಬೇಗ ಬರ್ರಿ" ಎಂದು ಕೂಗಿದೆ. ಇಬ್ಬರು ಸ್ಟ್ರೆಚರ್ ತಂದರು. ಇಳಿದು ಹಿಂದಿನ ಬಾಗಿಲು ತೆಗೆದರೆ...

ಬರೀ ತಗಡು. ಒಂದು ಹನಿ ನೆತ್ತರಿಲ್ಲ, ಒಂದು ಹುಲ್ಲುಕಡ್ಡಿಯಿಲ್ಲ.

"ಕುಡಿದು ಬಂದೀಯೇನಪ್ಪಾ?" ಎಂದಳು ಅವರ ಹಿಂದೆ ಬಂದ ನರ್ಸಮ್ಮ, ದನಿಯಲ್ಲಿ ಬೈಗುಳ ಇರಲಿಲ್ಲ. ನಾನು ಮುಂದೆ ನೋಡಿದೆ. ಹೆಡ್‌ಲೈಟು ಎದುರಿನ ಗೋಡೆಯ ಬುಡದಲ್ಲಿ, ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿತ್ತು. ಭಾರ ಇಳಿದಿತ್ತು. ಆದರೆ ಎಲ್ಲಿ ಇಳಿಯಿತು? ಗೇಟಿನ ಒಳಗೋ, ಹೊರಗೋ, ಆ ಮೊದಲ ಕಂಬದ ಹತ್ತಿರವೋ?

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ.

"ಅವನೇನಾ? ದನಿ ಕೇಳ್ತು ನನಗೆ. ಮೂವತ್ತು ವರ್ಷ ಆದ್ರೂ ಗುರುತು ಸಿಕ್ತು." ಜಗಲಿಯ ಮೇಲೆ ಕುಸಿದ. "ಆಗ ಅವನು ಗಾಡಿ ಕೇಳಾಕೆ ಬಂದಾಗ, ಮಾರನೇ ದಿನ ಸಾಹುಕಾರ್ರ ಮಗಳ ಮದುವಿ. ಮದುಮಕ್ಕಳು ಕೂರೋ ಗಾಡಿ, ಸೀಟಿಗೆ ಬಟ್ಟೆ ಕಟ್ಟಿ ಹೂವು ಹಾಕಿದ್ದೆ. ಸಾಹುಕಾರ್ರು ಊರಲ್ಲಿರ್ಲಿಲ್ಲ, ಕೀಲಿ ನನ್ನ ಹತ್ರಾನೇ ಇತ್ತು. ಹೆರಿಗೆ ಮೈಲಿಗೆ ಆಗ್ತೈತೆ ಅಂತ ನಾನೇ ಆಗಲ್ಲ ಅಂದೆ. ಎತ್ತಿನ ಗಾಡೀಲಿ ಹೊಂಟ್ರಂತೆ. ದಾರೀಲೇ ಸೊಸಿ ಹೋದ್ಲಂತೆ, ಹೊಟ್ಟೇಲಿದ್ದ ಕೂಸೂ..."

ನನ್ನ ಜನ್ಮದಲ್ಲಿ ಅಪ್ಪ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕೈ ಹಿಡಿದುಕೊಂಡ. ಹಿಮದಂಥ ಕೈ.

"ಮುಟ್ಟಿಸಿದ್ಯಾ? ತಲುಪಿದ್ರಾ?"

ಅವನ ಮುಖ ನೋಡಿದೆ.

"ತಲುಪಿದ್ರು ಕಣಪ್ಪ."

"ಆಸ್ಪತ್ರೆ ಒಳಗೆ?"

"ಒಳಗೇ. ಸ್ಟ್ರೆಚರ್ ಮೇಲೆ ಮಲಗಿಸಿ ಕರ್ಕೊಂಡೋದ್ರು."

"ಏನ್ ಕೂಸು?"

"ಹೆಣ್ಣು," ಎಂದುಬಿಟ್ಟೆ. ಯಾಕೆ ಹಾಗೆ ಬಾಯಿಗೆ ಬಂತೋ ಗೊತ್ತಿಲ್ಲ.

ಅಪ್ಪ ಹೂಂಗುಟ್ಟಿದ. ಒಳಗೆ ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ನಾನು ಜಗಲಿಯ ಮೇಲೆ ಕೂತು ಬೆಳಗಾಗುವವರೆಗೆ ಆ ಗೊರಕೆ ಕೇಳಿದೆ.

ಮಾರನೆ ದಿನ ತಾನಾಗಿ ಶೆಡ್ಡಿಗೆ ಬಂದು ಸ್ಟಿಯರಿಂಗ್ ಮುಂದೆ ಕೂತ. "ಕ್ಲಚ್ಚು ಬಿಗಿ ಆತಲ್ಲೋ, ಇದೇನ್ ಮೆಕ್ಯಾನಿಕ್ಕು ನೀನು" ಎಂದು ಬೈದ. ಆಮೇಲೆ ಎರಡು ವರ್ಷ ಬದುಕಿದ್ದ. ಬಿ.ಜಿ. ಕೆರೆ, ಮೊಳಕಾಲ್ಮುರು ಎಂದು ಇಬ್ಬರೂ ತಿರುಗಿದೆವು. ಅವನು ಮಾತಾಡುತ್ತಿದ್ದ, ಓಡಿಸುವಾಗ ಹಾಡುತ್ತಿದ್ದ. ನಾನು ಬಯಸಿದ್ದೆಲ್ಲ ಸಿಕ್ಕಿತ್ತು.

ಆ ಗುಡಿಸಲನ್ನು ಹಗಲಲ್ಲಿ ಹುಡುಕಿದೆ, ಸಿಗಲಿಲ್ಲ. ಈಗ ಕುದಾಪುರದ ಕಡೆಯ ಆ ಕಾವಲಿಗೆ ಸರ್ಕಾರಿ ಸಂಸ್ಥೆಗಳ ದೊಡ್ಡ ಕಾಂಪೌಂಡುಗಳು ಬಂದಿವೆ, ಹೋಗಲು ಬಿಡುವುದಿಲ್ಲ. ಊರಿನ ಮೊದಲ ಕಂಬದಿಂದ ಆಸ್ಪತ್ರೆ ಗೇಟಿನವರೆಗೆ ಮಾತ್ರ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಎಲ್ಲಿ ಇಳಿದರು ಎಂದು ನೆಲ ನೋಡುತ್ತಾ ನಡೆಯುತ್ತೇನೆ.

ತೀರಿಕೊಳ್ಳುವ ಹಿಂದಿನ ದಿನ ಅಪ್ಪ ಕೇಳಿದ್ದ, "ಆ ಕೂಸಿಗೆ ಈಗ ಎಷ್ಟಾಗಿರಬೇಕಲೇ?"

"ಎರಡು ತುಂಬಿರ್ತೈತೆ ಕಣಪ್ಪ," ಎಂದಿದ್ದೆ. ಅವನು ನಕ್ಕಿದ್ದ.

ಆ ಮುದುಕ, ಅವನ ಸೊಸೆ ಇರುವ ಕಡೆಗೇ ಅಪ್ಪನೂ ಹೋದ. ನಾನು ಹೇಳಿದ್ದು ಸುಳ್ಳಾಗಿದ್ದರೆ ಅದು ಈಗ ಅಪ್ಪನಿಗೆ ಗೊತ್ತಾಗಿರುತ್ತದೆ.