ಚೆನ್ನಯ್ಯನ ಹುಳಿ ಮಣ್ಣು

ನನ್ನ ಮೈದುನ ಚೆನ್ನಯ್ಯ ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ವಿಷಯ ಬರೆಯೋದೂ ಒಂದೇ, ಬೀನ್ಸ್ ಗಿಡದ ವಿಷಯ ಬರೆಯೋದೂ ಒಂದೇ.

ನಾವು ಗುಂಡ್ಲುಪೇಟೆ ಕಡೆಯವರು, ನೀಲಗಿರಿಯ ಕೋತಗಿರಿ ಹತ್ತಿರದ ಹಟ್ಟಿಯಲ್ಲಿ ನೆಲೆನಿಂತವರು. ಹೊಲದಲ್ಲಿ ಬಹಳ ಕಾಲ ಟೀ ಇತ್ತು. ಟೀಗೆ ಹುಳಿ ಮಣ್ಣು ಬೇಕು, ಬೀನ್ಸಿಗೆ ಅದು ಆಗದು. ಟೀ ಕಿತ್ತು ಬೀನ್ಸ್ ಹಾಕಿದರೆ ಎಲೆ ಹಳದಿ, ಬೇರು ಮೊಂಡು. ಹುಳಿ ಮುರಿಯೋಕೆ ಎಲ್ಲರೂ ಸುಣ್ಣದ ಪುಡಿ, ಒಲೆಬೂದಿ ಎರಚುತ್ತಾರೆ. ಮಳೆಗೆ ತೊಳೆದುಹೋಗಿ ಮತ್ತೆ ಹುಳಿ.

"ಮಣ್ಣನ್ನ ಎಷ್ಟು ಸಲ ಬದಲಾಯಿಸೋದು ಅತ್ತಿಗೆ? ಗಿಡಾನೇ ಬದಲಾಯಿಸೋಣ. ಹುಳಿಯಲ್ಲೂ ಬರಬೇಕು, ಸುಣ್ಣದಲ್ಲೂ ಬರಬೇಕು" ಅಂದ ಚೆನ್ನಯ್ಯ.

ಹೊಲದ ಕೆಳಗಿನ ಪಟ್ಟಿಗೆ ಅವನು ಸುಣ್ಣ, ಬೂದಿ ಸೋಕಿಸಲಿಲ್ಲ. ಅಲ್ಲಿ ಸಾಯದೆ ಉಳಿದ ಗಿಡದ ಹೂವಿನ ಪುಡಿಯನ್ನು, ಚೆನ್ನಾಗಿ ಕಾಯಿ ಬಿಡುವ ಗಿಡದ ಮೊಗ್ಗು ಬಿಡಿಸಿ ಸವರಿ, ಗುರುತಿಗೆ ದಾರ ಕಟ್ಟುತ್ತಿದ್ದ. ಮೊಗ್ಗು ಬಹುಪಾಲು ಉದುರೋದು.

"ಏನಣ್ಣ, ಹೂವಿಗೆ ತಾಳಿ ಕಟ್ತೀಯ, ನಮಗೆ ಊಟ ಇಲ್ವಾ?" ಅಂತ ಪಕ್ಕದ ಮನೆ ಪೊನ್ನಮ್ಮ ನಗೋಳು.

ವರ್ಷಗಳು ಹೋದವು. ಕೂಡಿಸಿದ ಬೀಜವನ್ನು ಬೆಳೆಸಿ ಹೆಚ್ಚಿಸಿ, ಕಡೆಗೆ ಇದ್ದಷ್ಟನ್ನೂ ಕೆಳಗಿನ ಪಟ್ಟಿಗೆ ಹಾಕಿದ. ಹುಳಿಯಲ್ಲಿ ಯಾವುದು ಉಳಿಯುತ್ತದೋ ಅದೇ ತನ್ನ ಬೀಜ ಅಂದ. ಸಸಿ ಎದ್ದ ಹೊತ್ತಿಗೆ ಎದೆನೋವು ಬಂತು. ಕೂನೂರು ಆಸ್ಪತ್ರೆಯಲ್ಲಿ ಅವನ ಜೊತೆ ನಾನೇ ಇದ್ದೆ.

ಮನೆಯ ಗಂಡಾಳು ಕಾಯಿಲೆ ಮಲಗಿದರೆ ಅವನ ಹೊಲವನ್ನು ಉಳಿದವರು ನೋಡಿಕೊಳ್ಳೋದು ಹಟ್ಟಿಯ ರೂಢಿ. ನಾವು ವಾಪಸು ಬಂದಾಗ ಪಟ್ಟಿ ಪೂರ್ತಿ ಹಸಿರು. ಒಂದು ಹಳದಿ ಎಲೆ ಇಲ್ಲ.

"ಹಳದಿಯಾಗಿ ಸಾಯ್ತಿತ್ತಣ್ಣ. ಎಲ್ಲಾ ಸೇರಿ ಸುಣ್ಣ ಹಾಕಿದ್ವಿ. ಮನೆಮನೆಯ ಒಲೆಬೂದಿ ಹೊತ್ತೆ, ನೋಡು ನನ್ನ ನೆತ್ತಿ!" ಅಂದಳು ಪೊನ್ನಮ್ಮ.

ಚೆನ್ನಯ್ಯ ಬದುವಿನ ಮೇಲೆ ಕೂತ. "ಒಳ್ಳೇದಾಯ್ತಮ್ಮ" ಅಂದ. ಎಲ್ಲರಿಗೂ ಟೀ ಕೊಡಲು ನನಗೆ ಹೇಳಿದ. ಅವರು ಹೋದ ಮೇಲೆ, "ಹೇಳಬೇಡಿ ಅತ್ತಿಗೆ. ಬೆನ್ನು ಬಗ್ಗಿಸಿ ಮಾಡಿದ್ದಾರೆ" ಅಂದ.

ಫಸಲು ಚೆನ್ನಾಗಿಯೇ ಬಂತು. ಹುಳಿ ತಡೆಯೋದು ಯಾವುದು, ಸುಣ್ಣದಿಂದ ಬದುಕಿದ್ದು ಯಾವುದು, ಯಾರು ಹೇಳಬೇಕು? ಒಣಗಿಸಿದ ಬೀಜದ ಮೊರ ನನ್ನ ಮುಂದೆ ಇಟ್ಟು, "ಇದು ಬೀಜ ಅಲ್ಲ, ಬರೀ ಕಾಳು. ಸಾರು ಮಾಡಿ" ಅಂದ. ಮಾಡಿದೆ. ಉಂಡ. ಆಮೇಲೆ ಹೂವಿನ ಹತ್ತಿರ ಹೋಗಲಿಲ್ಲ.

ಒಂದು ಹಿಡಿ ಕಾಳು ನಾನು ಎತ್ತಿಟ್ಟಿದ್ದೆ. ಅವನ ತಿಥಿಯಾದ ಮೇಲೆ ಟೀ ಗಿಡದ ಬುಡದ ಹುಳಿ ಮಣ್ಣನ್ನು ಹಳೇ ಎಣ್ಣೆ ಡಬ್ಬಗಳಿಗೆ ತುಂಬಿ, ಬಿತ್ತಿ, ಜಗಲಿಯಲ್ಲಿಟ್ಟೆ. ಮೊಳೆತವು, ಹಳದಿಗೆ ತಿರುಗಿದವು.

ನೆನ್ನೆ ಪೊನ್ನಮ್ಮ ಜಗಲಿಗೆ ಬಂದಳು, ಮೊರದಲ್ಲಿ ಬೂದಿ ಹಿಡಿದು. ನಾನು ಅವಳ ಕೈ ಹಿಡಿದೆ.

"ಬೇಡ. ಹೀಗೇ ಇರಲಿ."

"ಸಾಯ್ತಾವಲ್ಲಕ್ಕ!"

"ಸಾಯೋವು ಸಾಯಲಿ."

ಅವಳು ನನ್ನ ಮುಖವನ್ನೇ ನೋಡಿದಳು. ಹೇಳಬೇಡಿ ಅಂದಿದ್ದ ಚೆನ್ನಯ್ಯ; ನಾನು ಡಬ್ಬಗಳನ್ನು ಗೋಡೆಗೆ ಸರಿಸಿದೆ. ಬೂದಿಯನ್ನು ತನ್ನ ಸೊಪ್ಪಿನ ಮಡಿಗೆ ಎರಚಿ ಮನೆಗೆ ಹೋದಳು. ಇವತ್ತು ಬೆಳಿಗ್ಗೆ ಮತ್ತೊಂದು ಸಸಿ ಮಲಗಿತ್ತು; ಹುಳಿ ತಡೆದು ನಿಂತವನ್ನು ಎಣಿಸಿದೆ.