ಒಂದೇ ಸ್ಕೂಟರಿಗೆ ಇಬ್ಬರು

ಗೆಳೆಯರೇ, ಇಂದು ಬೆಳಿಗ್ಗೆ ಬೆಳಗಾವಿಯ ಬಸ್ ನಿಲ್ದಾಣದ ಮುಂದೆ ಬಾಡಿಗೆಯ ಎಲೆಕ್ಟ್ರಿಕ್ ಸ್ಕೂಟರ್ ಒಂದೇ ಉಳಿದಿತ್ತು. ಖಾನಾಪುರದ ಬಸ್ಸಿನಿಂದ ಇಳಿದವನೇ ಓಡಿಹೋಗಿ ಅದರ ಹ್ಯಾಂಡಲ್ ಹಿಡಿದೆ. ಅದೇ ಬಸ್ಸಿನಿಂದ ಇಳಿದ ಶಿಕ್ಷಕಿಯೊಬ್ಬರು ಸೀಟಿನ ಮೇಲೆ ತಮ್ಮ ಚೀಲ ಇಟ್ಟರು.

“ನಾ ಮೊದಲ ಬಂದೇನ್ರಿ,” ಎಂದೆ.

“ಬಂದ್ರ ಏನಾತ್ರಿ? ಮೊಬೈಲ್‌ನ್ಯಾಗ ನಾ ಬುಕ್ ಮಾಡಾಕತ್ತೇನಿ!”

ನಾವು ವಾದಿಸುತ್ತಿರುವಾಗಲೇ ಬೇರೊಬ್ಬರು ಅದನ್ನು ಬುಕ್ ಮಾಡಿ, ಚೀಲ ಕೆಳಗಿಳಿಸಿ, ನಮ್ಮೆದುರೇ ಓಡಿಸಿಕೊಂಡು ಹೋದರು. ಬೇರೆ ದಾರಿಯಿಲ್ಲದೆ ಇಬ್ಬರೂ ಹಿಂದವಾಡಿಗೆ ಹೋಗುವ ಸಿಟಿ ಬಸ್ ಹತ್ತಿದೆವು. ಒಳಗಿದ್ದದ್ದು ಕಣ್ಣಿನ ಆಸ್ಪತ್ರೆಗೆ ಹೊರಟಿದ್ದ ಅಜ್ಜಿಯೊಬ್ಬರೇ.

“ಬರ್ರಿ, ಕುಂದರ್ರಿ,” ಎಂದು ಸರಿದು ಕುಳಿತರು. “ಮಂದಿ ಹತ್ತಲಿಲ್ಲಂದ್ರ ಈ ಬಸ್ ಬಂದ್ ಮಾಡ್ತಾರಂತ. ಎಲ್ಲಾರೂ ಆ ಬಾಡಿಗಿ ಗಾಡಿ ಮ್ಯಾಲ ಹೋದ್ರ, ಕಣ್ಣ ಕಾಣದ ನಾ ಹೆಂಗ ಹೋಗ್ಲಿ?”

ಇಬ್ಬರೂ ಅಜ್ಜಿಯ ಪಕ್ಕ ಕುಳಿತೆವು. ಆಮೇಲೆ ಶಿಕ್ಷಕಿ ನಮ್ಮ ಜಗಳದ ಕಥೆ ಹೇಳಿದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

“ಖರೇನ? ಹಂಗಾರ ನಾಳಿನೂ ಜಗಳಾಡ್ರಿ!”

ನಾವೂ ನಕ್ಕೆವು. ಆದರೆ ನಾಳೆ ಅಲ್ಲಿ ಎರಡು ಸ್ಕೂಟರ್ ನಿಂತಿದ್ದರೆ ನಾವಿಬ್ಬರೂ ಏನು ಮಾಡುತ್ತೇವೆ ಎಂಬುದು ನನಗಿನ್ನೂ ಗೊತ್ತಿಲ್ಲ.